ಬೆಲ್ಲದ ಮನೆಯ ಇರುವೆಗಳು

ಬೆಲ್ಲದ ಶಿವರುದ್ರಪ್ಪನ ಮಗ ಅಪ್ಪಾಸಾಹೇಬ, ಅಪ್ಪಾಸಾಹೇಬನ ಮಗ ಮುರುಗೆಪ್ಪ. ಮೂರು ತಲೆಮಾರೂ ಪುಣೆಯ ಭವಾನಿ ಪೇಟೆಯಲ್ಲಿ ಬೆಲ್ಲದ ರುಚಿ ಹೇಳುವ ನಾಲಿಗೆಯಿಂದ ಬದುಕಿದವು.

ಶಿವರುದ್ರಪ್ಪ ಗೋಕಾಕದ ಕಡೆಯಿಂದ ಗಾಡಿಯಲ್ಲಿ ಬೆಲ್ಲದ ಪೆಂಟಿ, ದೊಡ್ಡ ದೊಡ್ಡ ಅಚ್ಚು, ಹೇರಿಕೊಂಡು ಬಂದವನು, ತಿರುಗಿ ಹೋಗಲಿಲ್ಲ. ಪ್ಲೇಗಿನ ವರ್ಷ ಪೇಟೆಗೆ ಪೇಟೆಯೇ ಬಯಲಿಗೆ ಓಡಿ ಗುಡಿಸಲು ಹಾಕಿಕೊಂಡಾಗ ಈತ ಅಂಗಡಿಯ ಬಾಗಿಲು ತೆರೆದಿಟ್ಟು ಹೆಣ ಹೊರುವವರಿಗೆ ಬೆಲ್ಲ, ಪುಠಾಣಿ ಕೊಟ್ಟು ನೀರು ಕುಡಿಸಿ ಕಳಿಸಿದ. ಮನುಷ್ಯರಿಗೆ ಕೊಟ್ಟಂತೆ ಇರುವೆಗೂ ಕೊಟ್ಟ. ಸೋಮವಾರ ಬೆಲ್ಲದ ಪುಡಿಗೆ ರವೆ ಬೆರೆಸಿ ಬೇವಿನ ಬುಡದ ಗೂಡುಗಳಿಗೆ ಹಾಕದೆ ಊಟಕ್ಕೆ ಕೂಡುತ್ತಿರಲಿಲ್ಲ. ಆ ಪದ್ಧತಿ ಮನೆಯಲ್ಲಿ ಹಾಗೇ ಉಳಿಯಿತು.

ಅಪ್ಪಾಸಾಹೇಬನ ನಾಲಿಗೆಯ ಮಾತೇ ಬೇರೆ. ಉಗುರಿನಷ್ಟು ಚೂರು ಬಾಯಿಗೆ ಬಿದ್ದರೆ ಸಾಕು, ಕಬ್ಬು ಎರೆ ಹೊಲದ್ದೋ ಹೊಳೆದಂಡೆಯದ್ದೋ, ಕುದಿಯುವಾಗ ಸುಣ್ಣ ಹೆಚ್ಚಾಯಿತೋ, ಪಾಕ ಒಂದು ಕುದಿ ಮೊದಲೇ ಇಳಿಯಿತೋ, ಎಲ್ಲ ಬಿಡಿಸಿ ಹೇಳುವನು. ಅವನು ತಲೆದೂಗಿದರೆ ಮಾಲು ಮಾರಿಹೋಯಿತು, ಮುಖ ತಿರುವಿದರೆ ಉಳಿಯಿತು. ಬಾಯಿಗೆ ಹಾಕಿದ ಬೆಲ್ಲವನ್ನು ಉಗುಳುವುದು ಆ ಮನೆತನದಲ್ಲಿ ಇಲ್ಲ. ಉಗುಳಿದರೆ ಲಕ್ಷ್ಮಿಯ ಮೋರೆಗೆ ಉಗುಳಿದಂತೆ. ದಿನಕ್ಕೆ ನೂರು ಪೆಂಟಿ ಬಂದರೆ ನೂರು ಚೂರೂ ಹೊಟ್ಟೆಗೇ.

ಈ ಮನೆಯ ಗಂಡಸರಿಗೆ ನಲವತ್ತು ದಾಟಿತೆಂದರೆ ಒಂದು ಸೋಜಿಗ ನಡೆಯುತ್ತಿತ್ತು. ಅವರು ಮೋರಿಯಲ್ಲಿ ಮೂತ್ರ ಮಾಡಿ ಬಂದ ಕಲ್ಲಿಗೆ ಕೆಂಪಿರುವೆ ಸಾಲುಗಟ್ಟುತ್ತಿದ್ದವು. ಬೇರೆಯವರಾದರೆ ನಾಚಿ ನೀರು ಸುರಿಯುತ್ತಿದ್ದರು, ಇವರು ಮೆರೆದರು. ಉಂಡ ಉಪ್ಪನ್ನು ಮನುಷ್ಯ ಮರೆತಾನು, ಉಂಡ ಬೆಲ್ಲವನ್ನು ಇರುವೆ ಮರೆಯದು, ಹಿರಿಯರ ಪುಣ್ಯ ಹುಡುಕಿಕೊಂಡು ಬಂದಿದೆ ಎಂದರು. ಮುರುಗೆಪ್ಪ ಎಂಟು ಹತ್ತು ವರ್ಷದವನಿದ್ದಾಗ ಬೆಳಿಗ್ಗೆ ಎದ್ದು ಮೋರಿ ನೋಡಿ ಬರುವುದೇ ಅವನ ಕೆಲಸ. "ಅಪ್ಪಾ, ಇವತ್ತ ಬಾಗಲಾತನಕಾ ಬಂದಾವು" ಎಂದು ಕುಣಿದುಕೊಂಡು ಹೇಳುತ್ತಿದ್ದ. ಅಪ್ಪ ನಕ್ಕು ಒಂದು ಚೂರು ಬೆಲ್ಲ ಕೊಡುತ್ತಿದ್ದ.

ಶಿವರುದ್ರಪ್ಪ ಕಣ್ಣು ಕಳೆದುಕೊಂಡು, ಗೋಡೆ ತಡವಿಕೊಂಡು ಓಡಾಡಿ ಸತ್ತ. ಅಪ್ಪಾಸಾಹೇಬನ ಹೆಬ್ಬೆರಳು ಕಪ್ಪಾಯಿತು, ಆಮೇಲೆ ಪಾದ. ನಾಲ್ಕು ಮಂದಿ ಹೊರಸಿನ ಮೇಲೆ ದವಾಖಾನೆಗೆ ಹೊತ್ತರು, ಕಾಲು ತೆಗೆದರು, ಆತ ಮನೆಗೆ ಬರಲಿಲ್ಲ. ಕಣ್ಣಿಗೂ ಕಾಲಿಗೂ ಇರುವೆಗೂ ಸಂಬಂಧವಿದ್ದೀತೆಂದು ಯಾರ ತಲೆಗೂ ಹೊಳೆಯಲಿಲ್ಲ.

ಸಾವಿರದ ಒಂಬೈನೂರ ಮೂವತ್ತನಾಲ್ಕರ ಯುಗಾದಿಯ ಹೊತ್ತಿಗೆ ಮುರುಗೆಪ್ಪನ ಕಲ್ಲಿಗೂ ಇರುವೆ ಬಂದವು. ಅವನಿಗೆ ಆಗ ನಲವತ್ತಾರು. ಹೆಂಡತಿ ಭೀಮವ್ವ ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ ಹೋಳಿಗೆ ಮಾಡಿದಳು. ಮುರುಗೆಪ್ಪ ನಾಲ್ಕು ತಿಂದ. ಅಂದಿನಿಂದ ಹಗಲೆಲ್ಲ ನೀರಡಿಕೆ. ತಂಬಿಗೆ ಎತ್ತಿದರೆ ಇಳಿಸುವುದಿಲ್ಲ, ಕುಡಿದದ್ದು ಒಳಗೆ ನಿಲ್ಲುವುದಿಲ್ಲ. ಬೆಲ್ಲದ ಉಷ್ಣ ಇರಬೇಕೆಂದು ತಂಪಿಗೆ ಕಬ್ಬಿನ ಹಾಲು ಕುಡಿದ. ಕುಡಿದಷ್ಟೂ ನಾಲಿಗೆ ಒಣಗಿತು. ಉಣ್ಣುವುದು ಇಬ್ಬರ ಪಾಲು, ಮೈ ಮಾತ್ರ ನೆನೆದ ಗೋಡೆಯಂತೆ ಇಳಿಯುತ್ತ ಬಂತು. ಕೋಟು ಹೆಗಲಿನಿಂದ ಜೋತುಬಿತ್ತು.

ಒಂದೇ ಅಂಗಳದ ಸುತ್ತ ಹಲವು ಸಂಸಾರಗಳಿದ್ದ ಅದೇ ವಾಡೆಯಲ್ಲಿ ಧಾರವಾಡದ ಕೃಷ್ಣಾಬಾಯಿ ಇದ್ದಳು. ಅವಳ ಮಗ ಮಧುಕರ ಒಂದು ದವಾಖಾನೆಯಲ್ಲಿ ಕಂಪೌಂಡರ. ಒಂದು ದಿನ ಅಂಗಳದಲ್ಲಿ ಕೃಷ್ಣಾಬಾಯಿ ಭೀಮವ್ವನನ್ನು ತಡೆದು ನಿಲ್ಲಿಸಿದಳು.

"ನಿಮ್ಮ ಮನಿ ಇರುವಿ ನಮ್ಮ ಹೊಸ್ತಲಾನೂ ದಾಟ್ಯಾವ ನೋಡ್ರಿ ಭೀಮವ್ವ. ಪುಣ್ಯ ನಿಮಗ, ಕಡಿಸಿಕೊಳ್ಳೋದು ನಮಗ."

"ಎಲ್ಲಾರ ಮನಿಗೂ ಬರ್ತಾವೇನ್ರಿ ಬಾಯಿ? ಬಂದ್ರ ಪುಣ್ಯವಂತರ ಮನಿಗೆ" ಎಂದು ಭೀಮವ್ವ ಮೂರು ತಲೆಮಾರಿನ ಕಥೆ ಬಿಚ್ಚಿದಳು. ಅಲ್ಲೇ ಹಲ್ಲು ತಿಕ್ಕುತ್ತಿದ್ದ ಮಧುಕರನ ಕೈ ನಿಂತಿತು. ಬಾಯಿ ಮುಕ್ಕಳಿಸಿ ಮುರುಗೆಪ್ಪನ ಹತ್ತಿರ ಬಂದ.

"ಕಾಕಾ, ನೀರಡಿಕಿ ಭಾಳ ಆಗ್ತದೇನ್ರಿ?"

"ಬ್ಯಾಸಗಿ ಅಲ್ಲೇನೋ. ಯಾರಿಗೆ ಆಗಂಗಿಲ್ಲ?"

"ನಿಮ್ಮ ಅಜ್ಜಾರಿಗೆ ಕಣ್ಣು ಹೋಗಿದ್ವು. ಅಪ್ಪಾರ ಕಾಲು ತಗದಿದ್ರು. ಹೌದಲ್ರಿ?"

ಮುರುಗೆಪ್ಪನ ಮುಖ ಗಂಟಿಕ್ಕಿತು. "ನೀ ಔಷಧ ಕುಟ್ಟಾಂವ. ಕುಟ್ಟು ಹೋಗು. ಹಿರೇರ ಎಲುಬು ಕುಟ್ಟಬ್ಯಾಡ."

ಬೈದದ್ದೇನೋ ಬೈದ. ಆದರೆ ಮಾತು ಕಿವಿಗೆ ಬಿದ್ದ ಜೀರಿಗೆ ಹುಳದಂತೆ ಒಳಗೇ ಹರಿದಾಡಿತು. ಕಣ್ಣು, ಕಾಲು, ಇರುವೆ. ಮರುದಿನದಿಂದ ಮೋರಿಯ ಕಲ್ಲಿಗೆ ಒಲೆಯ ಬೂದಿ ಚೆಲ್ಲತೊಡಗಿದ. ಬೂದಿಯ ಆಚೆಗೆ ಸಾಲು ಸುತ್ತಿ ಬಂದು ನಿಂತಿತು. ಪುಣ್ಯವೆಂದು ಕರೆದದ್ದನ್ನು ಈಗ ಕದ್ದು ನೋಡುತ್ತಿದ್ದ, ನೋಡಿ ಬೆವರುತ್ತಿದ್ದ.

ಎಂಟು ದಿನದ ಮೇಲೆ ಹಡಪಸರದ ಕಡೆಯ ಗಾಡಿಗಳು ಬಂದಿದ್ದವು. ಮುರುಗೆಪ್ಪ ಪಾದರಕ್ಷೆ ಬಿಟ್ಟು ಗೋದಾಮಿನಲ್ಲಿ ಪೆಂಟಿಯಿಂದ ಪೆಂಟಿಗೆ ನಡೆದು ಚೂರು ಮುರಿದು ನೋಡುತ್ತಿದ್ದ. ತಿರುಗಿ ನೋಡಿದರೆ ಫರಸಿ ಕಲ್ಲಿನ ನೆಲದ ಮೇಲೆ ಒಂದರ ಹಿಂದೆ ಒಂದು ರಕ್ತದ ಹೆಜ್ಜೆ.

"ಯಾರ ಕಾಲಿಗೆ ಹತ್ತೇತ್ರೋ? ನೋಡ್ಕೊಳ್ರಿ. ಲಕ್ಷ್ಮಿ ಇದ್ದಲ್ಲಿ ರಕ್ತ ಬೀಳಬಾರ್ದು."

ಹಮಾಲರು ತಂತಮ್ಮ ಪಾದ ಎತ್ತಿ ನೋಡಿಕೊಂಡರು. ದಲಾಲಿಗೆ ಮಾಲು ಮಾರಿಸುವ ಆ ಅಡತಿ ಅಂಗಡಿಯ ಯಜಮಾನ ಶಿವಪ್ಪ ಮಾತ್ರ ಮುರುಗೆಪ್ಪನ ಕಾಲನ್ನೇ ನೋಡುತ್ತ ನಿಂತ. "ಮುರುಗೆಪ್ಪ, ಆ ಹೆಜ್ಜಿ ನಿನ್ನ ಕಡೀಗೆ ಬಂದು ನಿಂತಾವ."

ಎಡಗಾಲಿನ ಅಡಿಯಲ್ಲಿ ಮೊಳೆ ನಾಟಿತ್ತು, ತಲೆ ಮಾತ್ರ ಹೊರಗೆ. ಕೂಡಿಸಿ ಎಳೆದು ತೆಗೆದರು. ಮುರುಗೆಪ್ಪನಿಗೆ ನೋವಾಗಲಿಲ್ಲ. ಬೇರೆ ಯಾರದೋ ಕಾಲಿನಿಂದ ಕಿತ್ತಂತಿತ್ತು. ನೋವಾಗಿದ್ದರೆ ಒದರುತ್ತಿದ್ದ; ನೋವಾಗದ್ದಕ್ಕೆ ನಡುಗಿದ. ಅಪ್ಪನೂ ಹೆಬ್ಬೆರಳು ತೋರಿಸಿ "ಏನೂ ನೋವಿಲ್ಲೋ ಮಗನ" ಎಂದದ್ದು ನೆನಪಾಯಿತು.

ಆ ಮಧ್ಯಾಹ್ನ ಯಾರಿಗೂ ಹೇಳದೆ ಮಧುಕರನ ದವಾಖಾನೆಗೆ ಹೋದ. ಬೈದವನ ಮುಂದೆ ಹೋಗಿ ನಿಲ್ಲುವುದು ಸಣ್ಣ ಮಾತಲ್ಲ. ಮಧುಕರ ಒಂದು ಮಾತೂ ಎತ್ತಿ ಆಡಲಿಲ್ಲ. ಸೀಸೆಯಲ್ಲಿ ಮೂತ್ರ ಹಿಡಿದು ತರಲು ಹೇಳಿದ. ಗಾಜಿನ ನಳಿಗೆಗೆ ನೀಲಿ ಔಷಧ ಹಾಕಿ, ಅದಕ್ಕೆ ಏಳೆಂಟು ಹನಿ ಮೂತ್ರ ಬಿಟ್ಟು ಸ್ಪಿರಿಟ್ ದೀಪದ ಮೇಲೆ ಕಾಯಿಸಿದ.

"ನೀಲಿ ಹಂಗ ಉಳದ್ರ ಸಕ್ಕರಿ ಇಲ್ಲ. ಹಸರಾದ್ರ ಸ್ವಲ್ಪ ಅದ. ಹಳದಿ ಆದ್ರ ಜಾಸ್ತಿ."

ಬೆಲ್ಲದ ಬಣ್ಣ ನೋಡಿ ಬದುಕಿದ ಕಣ್ಣು ಮುರುಗೆಪ್ಪನದು. ನೀಲಿ ಹಸಿರಾಯಿತು. ಅಲ್ಲಿಗೇ ನಿಲ್ಲಲೆಂದು ಮುರುಗೆಪ್ಪ ಕೊರಳಿನ ಲಿಂಗವನ್ನು ಬಿಗಿಯಾಗಿ ಹಿಡಿದ. ಹಸಿರು ಹಳದಿಯಾಯಿತು, ಹಳದಿ ಕೆಂಪಿಗೆ ಹೊರಳಿತು. ಕೊನೆಗೆ ನಳಿಗೆಯಲ್ಲಿ ನಿಂತದ್ದು ಇಟ್ಟಂಗಿಯ ಬಣ್ಣ, ಕಡಾಯಿಯಿಂದ ಇಳಿಸಲು ಹದಕ್ಕೆ ಬಂದ ಪಾಕದ ಬಣ್ಣ.

"ಇದು ನನ್ನದ ಏನೋ?"

"ನಿಮ್ಮದರಿ ಕಾಕಾ. ರಕ್ತದಾಗ ಸಕ್ಕರಿ ಎಲ್ಲಾರಿಗೂ ಇರ್ತದ, ಒಂದು ಹದದಾಗ. ಹದ ಮೀರಿತಂದ್ರ ಕಡಾಯಿ ಉಕ್ಕಿದಂಗ ಹೊರಗ ಬೀಳ್ತದ. ಇರುವಿ ಅದಕ್ಕ ಬರ್ತಾವ."

ಡಾಕ್ಟರು ತೋಳಿನಿಂದ ರಕ್ತ ತೆಗೆಸಿ ಪರೀಕ್ಷೆಗೆ ಕಳಿಸಿದರು. ಇರಬೇಕಾದ್ದಕ್ಕಿಂತ ಮೂರು ಪಟ್ಟು ಸಕ್ಕರೆ ಎಂದು ತಿಳಿಯಿತು. ಬೆಲ್ಲ ತಿಂದದ್ದರಿಂದಲೇ ರೋಗ ಬಂತೆನ್ನಲಾಗದು, ಇದು ಮನೆತನದಲ್ಲಿ ಇಳಿದು ಬರುವುದೂ ಉಂಟು, ಬಂದ ಮೇಲೆ ಮಾತ್ರ ಬೆಲ್ಲ ಬೆಂಕಿಗೆ ತುಪ್ಪ ಎಂದರು. ಊಟಕ್ಕೆ ಮುಂಚೆ ಸೂಜಿ, ತೂಕದ ಊಟ, ಕಾಲಿಗೆ ದಿನಾ ಪಟ್ಟಿ. ಗಾಯ ಮಾಯ್ದರೆ ಕಾಲು ಉಳಿಯಿತು, ಇಲ್ಲದಿದ್ದರೆ ಇಲ್ಲ. ಕಣ್ಣಿನ ಮಾತು ಅವರು ಎತ್ತಲಿಲ್ಲ. ಗೋಡೆಯ ಮೇಲಿನ ಪಂಚಾಂಗದ ಅಕ್ಷರ ಆಗಲೇ ಮಂಜಾಗಿದ್ದುದನ್ನು ಮುರುಗೆಪ್ಪನೂ ಹೇಳಲಿಲ್ಲ.

ಸುದ್ದಿ ತಿಳಿದ ಶಿವಪ್ಪ ಗೋದಾಮಿನಲ್ಲಿ ಒಂದು ಹಿತ್ತಾಳೆಯ ಪೀಕದಾನಿ ತಂದಿಟ್ಟ. "ರುಚಿ ನೋಡು, ಉಗುಳು. ಲಕ್ಷ್ಮಿಗೂ ಗೊತ್ತದ ನಿನ್ನ ಕಷ್ಟ."

ಮುರುಗೆಪ್ಪ ಅದನ್ನು ಮುಟ್ಟಲಿಲ್ಲ. ಬೆಲ್ಲ ಬಾಯಿಗಿಡುವುದನ್ನೇ ಬಿಟ್ಟ. ಮೂಸಿ, ಬೆರಳಿನಲ್ಲಿ ಪುಡಿಮಾಡಿ, ಪೆಂಟಿ ಬಡಿದ ಸಪ್ಪಳ ಕೇಳಿ ಹೇಳತೊಡಗಿದ. ಹತ್ತರಲ್ಲಿ ಎರಡು ತಪ್ಪುತ್ತಿದ್ದವು. ಜನ ಎದುರಿಗೆ ಏನೂ ಅನ್ನಲಿಲ್ಲ. ಸೋಮವಾರದ ಬೆಲ್ಲ, ರವೆಯನ್ನು ಭೀಮವ್ವನೇ ಬೇವಿನ ಬುಡಕ್ಕೆ ಒಯ್ಯುತ್ತಿದ್ದಳು. ಅವನು ಅತ್ತ ಮುಖ ಹಾಕುತ್ತಿರಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ಗಾಯದ ಬಾಯಿ ಕಿರಿದಾಗಿತ್ತು, ಮುಚ್ಚಿರಲಿಲ್ಲ. ಇರುವೆ ಕೆಲವು ದಿನ ಬರುತ್ತಿದ್ದವು, ಕೆಲವು ದಿನ ಬರುತ್ತಿರಲಿಲ್ಲ. ಬರದ ದಿನ ರೊಟ್ಟಿ ಗಂಟಲಲ್ಲಿ ಇಳಿಯುತ್ತಿತ್ತು. ಬಂದ ದಿನ ಪಾದವನ್ನು ಮಡಿಲಲ್ಲಿಟ್ಟುಕೊಂಡು ಕಪ್ಪು ಎಲ್ಲಾದರೂ ಹತ್ತಿದೆಯೇ ಎಂದು ಬಿಸಿಲಿಗೆ ಹಿಡಿದು ನೋಡುತ್ತ ಕೂಡುತ್ತಿದ್ದ.

ದಸರೆಯ ಮುಂದಿನ ಒಂದು ಬೆಳಿಗ್ಗೆ ಭೀಮವ್ವ ನೀರು ತುಂಬಲು ಹೋದಾಗ ಗಂಡ ಮೋರಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಬಾಗಿ ಬಾಗಿ ಮೂಗು ಕಲ್ಲಿಗೆ ತಾಗುವಷ್ಟು ಬಾಗಿದ್ದ. ಆಮೇಲೆ ಅಂಗೈಯನ್ನು ಕಲ್ಲಿನ ಮೇಲೆ ಚಾಚಿಟ್ಟು ಉಸಿರು ಬಿಗಿಹಿಡಿದ, ಏನಾದರೂ ಹತ್ತಿ ಹರಿದೀತೇ ಎಂದು. ಅಜ್ಜ ಗೋಡೆ ತಡವುತ್ತಿದ್ದ ಕೈಯೂ ಹೀಗೇ ಇದ್ದಿರಬೇಕು. ಭೀಮವ್ವನಿಗೆ ಎಲ್ಲ ತಿಳಿಯಿತು. ಕೊಡ ಕೆಳಗಿಟ್ಟಳು.

"ಕಣ್ಣು ಕಾಣವಲ್ವೇನ್ರಿ?"

ಅವನು ಕೈ ತೆಗೆಯಲಿಲ್ಲ.

"ಏಳ್ರಿ. ದಿನಾ ಮುಂಜಾನೆ ನಾ ನೋಡಿ ಹೇಳ್ತೀನಿ. ಬಂದಾವು, ಇಲ್ಲ, ಅಷ್ಟ. ಅದಕ್ಕೇನು?"

"ಬ್ಯಾಡ" ಎಂದ ಮುರುಗೆಪ್ಪ. "ನಮ್ಮಪ್ಪಗ ನಾನ ನೋಡಿ ಹೇಳ್ತಿದ್ದೆ. ಕುಣಕೋಂತ ಹೇಳ್ತಿದ್ದೆ. ಮತ್ತೊಬ್ಬರ ಬಾಯಿಲೆ ಅದನ್ನ ಕೇಳೂದು ನನ್ನ ಕೈಲೆ ಆಗಂಗಿಲ್ಲ. ನೀ ಹೋಗು, ನೀರ ತುಂಬು. ನನ್ನ ಇರುವಿ ನಾನ ನೋಡ್ಕೊಂತೀನಿ."