ಉಳಿದ ಕೈಗೆ ಕೆಲಸ ಕೇಳಿದ ಎಸ್ತರಕ್ಕ

ಹೋದ ವರ್ಷ ಯುಗಾದಿ ಮುಗಿದ ವಾರವೇ ನನಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ನಮ್ಮೂರು ಚಚಡಿ, ಒಕ್ಕಲುತನದ ಮನೆ. ಬೆಳಗಾದರೆ ಹೊಲಕ್ಕೆ ಹೋಗುವವರಿಗೆಲ್ಲ ರೊಟ್ಟಿ ಬಡಿಯುತ್ತಿದ್ದವಳು ನಾನು. ಆಮೇಲೆ ಅತ್ತೆ ನನ್ನನ್ನು ಒಲೆಯ ಹತ್ತಿರಕ್ಕೂ ಬಿಡಲಿಲ್ಲ. "ನೀ ಸುಮ್ಮ ಕುಂದರವಾ, ನಾ ಮಾಡತೇನಿ" ಎನ್ನುತ್ತಿದ್ದರು. ಪ್ರೀತಿಯ ಮಾತೇ. ಆದರೂ ನನ್ನ ಮನೆಯಲ್ಲೇ ನಾನು ಎರಡು ದಿನಕ್ಕೆ ಬಂದ ಬೀಗಿತ್ತಿಯಾದೆ ಎನಿಸುತ್ತಿತ್ತು.

ಕೈಗೆ ವ್ಯಾಯಾಮ ಮಾಡಿಸಲು ಗಂಡ ಬೈಲಹೊಂಗಲದ ದವಾಖಾನೆಗೆ ಕರೆದೊಯ್ಯುತ್ತಿದ್ದರು. ಶ್ರಾವಣದ ಒಂದು ದಿನ, ಹಿಡಿಯಲು ಕೊಟ್ಟ ರಬ್ಬರ್ ಚೆಂಡು ಪದೇ ಪದೇ ಕೈಯಿಂದ ಜಾರಿ ಬಿತ್ತು. "ಇನ್ನ ಸಾಕು, ನಾ ಬರೂದಿಲ್ಲ" ಎಂದು ಹೊರಗಿನ ಬೆಂಚಿನ ಮೇಲೆ ಕುಳಿತು ಅಳತೊಡಗಿದೆ. ಗಂಡ ಔಷಧಿ ತರಲು ಹೋದರು.

ಪಕ್ಕದಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರಿದ್ದರು. ತಂಗಿಯ ಮೊಣಕಾಲು ತೋರಿಸಲು ಬಂದವರು. ಹೆಸರು ಎಸ್ತರಕ್ಕ, ಮೊದಲು ಅಂಗನವಾಡಿ ಟೀಚರಾಗಿದ್ದರಂತೆ. ನನ್ನ ಅಳು ನೋಡಿ ಸೆರಗಿನಡಿಯಿಂದ ತಮ್ಮ ಬಲಗೈ ಹೊರತೆಗೆದರು. ಅದು ಮೊಣಕೈವರೆಗಷ್ಟೇ ಇತ್ತು.

"ಸವದತ್ತಿ ದಾರ್ಯಾಗ ಜೀಪ್ ಪಲ್ಟಿ ಆತು ತಂಗಿ. ಮನಿಯವರು ಅಲ್ಲೇ ಹೋದ್ರು, ನನ್ನ ಕೈ ಹೋತು. ಮಗಳು ಇನ್ನೂ ತೊಟ್ಟಲದಾಗಿದ್ಲು. ಒಂದ ವರ್ಷ ಚರ್ಚಿಗೆ ಕಾಲಿಡಲಿಲ್ಲ. ದೇವರ ಜೋಡಿ ಮಾತ ಬಿಟ್ಟಿದ್ದೆ."

"ಮತ್ತ ಹೆಂಗ ಸಂಭಾಳಿಸಿದ್ರಿ?"

"ಪಾದ್ರಿಯವರ ಹೆಂಡ್ತಿ ಒಂದಿನ ಮನಿಗೆ ಬಂದ್ರು. ಪ್ರಾರ್ಥನಾ ಮಾಡು ಅಂತ ಏನೂ ಅನಲಿಲ್ಲ. ಒಂದ ಬುಟ್ಟಿ ಶೇಂಗಾ ಮುಂದಿಟ್ಟು, 'ನನಗೊಬ್ಬಾಕಿಗೆ ಮುಗ್ಯಾಂಗಿಲ್ಲ, ಸುಲಿಯವಾ' ಅಂದ್ರು. ಎಡಗೈಲೆ ಅದ್ಹೆಂಗೋ ಸುಲದೆ. ಬುಟ್ಟಿ ಖಾಲಿ ಆದಮ್ಯಾಗ ಅತ್ತಬಿಟ್ಟೆ. ಅವತ್ತ ಮತ್ತ ಪ್ರಾರ್ಥನಾ ಮಾಡಿದೆ. ಕೈ ವಾಪಸ್ ಕೊಡು ಅನಲಿಲ್ಲ. ಉಳದ ಕೈಗೆ ಕೆಲಸ ಕೊಡು ಯೇಸಪ್ಪಾ ಅಂದೆ."

ಎಡಗೈಯಲ್ಲಿ ಬರೆಯಲು ಕಲಿತದ್ದು, ಅಂಗನವಾಡಿ ಸೇರಿದ್ದು, ಮಗಳಿಗೆ ನರ್ಸಿಂಗ್ ಓದಿಸಿದ್ದು, ಎಲ್ಲವನ್ನೂ ನೆರೆಮನೆಯ ಸುದ್ದಿ ಹೇಳುವಂತೆ ಹೇಳಿದರು.

"ನಾನೂ ಹಂಗ ಕೇಳಬೇಕಂದ್ರ, ನಮ್ಮ ಮನಿ ದೇವರು ಬ್ಯಾರೆ ಅಲ್ರೀ ಅಕ್ಕಾರ" ಎಂದೆ ಸಂಕೋಚದಿಂದ.

"ಅದಕ್ಕೇನಾತು ತಂಗಿ. ಕಷ್ಟಕ್ಕ ಜಾತಿ ಎಲ್ಲೈತಿ?" ಎಂದು ನಕ್ಕು, ನನ್ನ ಹೆಸರು ಕೇಳಿ, ಫೋನ್ ನಂಬರು ಕೊಟ್ಟರು.

ಮರುದಿನ ಬೆಳಿಗ್ಗೆ ಅತ್ತೆಗೆ, "ಒಂದ ರೊಟ್ಟಿ ಹಿಟ್ಟ ನನಗ ಬಿಡ್ರಿ" ಎಂದೆ. ಅವರು ನನ್ನ ಮುಖ ನೋಡಿ, ಪಕ್ಕಕ್ಕೆ ಸರಿದು ಕುಳಿತರು. ಎಡಗೈಲಿ ಬಡಿದ ರೊಟ್ಟಿಯ ಅಂಚು ಹರಿದು, ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಯಿತು. ಮಾವ ಅದನ್ನೇ ಹಾಕಿಸಿಕೊಂಡು ಉಂಡು, "ಇನ್ನೊಂದ ಐತೇನ?" ಎಂದರು. ಅಂದಿನಿಂದ ದಿನಾ ಬಡಿದೆ. ವ್ಯಾಯಾಮವನ್ನೂ ಬಿಡಲಿಲ್ಲ. ದೀಪಾವಳಿ ಹೊತ್ತಿಗೆ ಬಲಗೈ ಬೆರಳುಗಳೂ ತುಸು ಮಡಚತೊಡಗಿದವು.

ಕ್ರಿಸ್‌ಮಸ್‌ಗೆ ಎಸ್ತರಕ್ಕ ನಮ್ಮನ್ನು ಊಟಕ್ಕೆ ಕರೆದರು. ನಾನು ಬಡಿದ ರೊಟ್ಟಿಯನ್ನೂ ಅತ್ತೆ ಕುಟ್ಟಿದ ಅಗಸಿ ಹಿಂಡಿ ಚಟ್ನಿಯನ್ನೂ ಕಟ್ಟಿಕೊಂಡು ಹೋದೆವು. ಉಣ್ಣುವ ಮೊದಲು ಅವರು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ಮಗಳು, ಅಳಿಯ, ಮೊಮ್ಮಕ್ಕಳ ಹೆಸರಿನ ನಡುವೆ ನನ್ನ ಹೆಸರೂ ಬಂತು. ಎಷ್ಟೋ ತಿಂಗಳಿಂದ ಹೇಳಿ ರೂಢಿಯಾದವರಂತೆ, ಎಲ್ಲೂ ತಡವರಿಸದೆ ಹೇಳಿದರು. ನನಗೆ ಗೊತ್ತೇ ಇಲ್ಲದಂತೆ ಒಬ್ಬರು ದಿನಾ ನನಗಾಗಿ ಬೇಡಿಕೊಂಡಿದ್ದರು. ಅದು ನೆನಪಾದರೆ ಇವತ್ತಿಗೂ ಎದೆ ತುಂಬಿ ಬರುತ್ತದೆ.