ಮೇಷ್ಟ್ರ ಡೂಮು, ಅಂಟಣ್ಣನ ಏಳು ಗೆರೆ

ಬೆಳಗಿನ ಐದೂಮುಕ್ಕಾಲು. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಒಬ್ಬ ಮನುಷ್ಯ ಎರಡೂ ಕೈ ಮೇಲೆತ್ತಿ ನಿಂತಿದ್ದಾರೆ. ಯಾರೂ ಅವರಿಗೆ ಬಂದೂಕು ತೋರಿಸಿಲ್ಲ. ಕೈಗವಸಿನ ತುಂಬ ಅಂಟು, ಮೂಗಿನ ತುದಿಯಲ್ಲಿ ತುರಿಕೆ, ಅಷ್ಟೇ.

"ಲೇ, ಇವಳೇ! ಮೂಗು!"

ಅಡುಗೆಮನೆಯಿಂದ ಹೆಂಡತಿ ಸೌಟು ಹಿಡಿದುಕೊಂಡೇ ಬರುತ್ತಾರೆ. ಗಂಡನ ಮಾಸ್ಕನ್ನು ಎಡಗೈಯಿಂದ ಸರಿಸಿ, ಸೌಟಿನ ಹಿಡಿಯಿಂದ ಮೂಗನ್ನು ಎರಡು ಸಲ ಕೆರೆದು, ಮಾಸ್ಕನ್ನು ಮತ್ತೆ ಕೂರಿಸಿ ಹೊರಡುತ್ತಾರೆ. "ಇಪ್ಪತ್ತೆರಡು ವರ್ಷ ಆಯ್ತು. ಕೈ ಚೊಕ್ಕಟವಾಗಿರೋವಾಗ ಇವರ ಮೂಗು ಒಂದಿನಾನೂ ತುರಿಸಿಲ್ಲ ನೋಡಿ" ಎಂಬುದು ಅವರ ದೂರು.

ಅಂಟಣ್ಣ ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಬೀದಿ ದಾಟಿದರೆ ಯಾರಿಗೂ ಗೊತ್ತಿಲ್ಲ. ಬೈಕುಗಳಿಗೆ ಬೇಕಾದ ಫೈಬರ್ ಮತ್ತು ಕಾರ್ಬನ್ ಭಾಗಗಳನ್ನು ಮನೆಯಲ್ಲೇ ಕೈಯಾರೆ ಮಾಡುವುದು ಅವರ ಕೆಲಸ. ಮಡ್‌ಗಾರ್ಡು, ಸೀಟಿನ ಹಿಂದಿನ ಬಾಲ, ಹೆಡ್‌ಲೈಟಿನ ಸುತ್ತ ಕೂರುವ ಡೂಮು, ಹೀಗೆ ಅಂಗಡಿಯಲ್ಲಿ ಸಿಗದ್ದೆಲ್ಲ ಇಲ್ಲಿ ಸಿಗುತ್ತದೆ. ಕಂಪನಿ ಮುಚ್ಚಿ ಮೂವತ್ತು ವರ್ಷವಾದ ಬೈಕುಗಳು ಇಂದಿಗೂ ಮರ್ಯಾದೆಯಾಗಿ ರಸ್ತೆಯಲ್ಲಿ ಓಡುತ್ತಿದ್ದರೆ ಅದರ ಹಿಂದೆ ಈ ಶೆಡ್ಡಿದೆ. ಬೈಕಿನ ಮೇಲೆ ಮಾತ್ರ ಇನ್ಯಾರದೋ ಸ್ಟಿಕ್ಕರ್ ಇರುತ್ತದೆ.

ಬೆಳಗಿನ ಜಾವವೇ ಯಾಕೆ ಎಂದರೆ ಅದಕ್ಕೂ ಲೆಕ್ಕವಿದೆ. ಅಂಟಿಗೆ ಗಟ್ಟಿಮಾಡುವ ದ್ರಾವಣ ಬೆರೆಸಿದ ಕೂಡಲೇ ಗಡಿಯಾರ ಓಡತೊಡಗುತ್ತದೆ. ತಂಪಿನಲ್ಲಿ ಇಪ್ಪತ್ತೆರಡು ನಿಮಿಷ ಕೈಗೆ ಸಿಗುತ್ತದೆ, ಮಧ್ಯಾಹ್ನವಾದರೆ ಒಂಬತ್ತೇ. ಆಮೇಲೆ ಡಬ್ಬಿ, ಬ್ರಷ್ಷು, ಒಳಗೆ ಮರೆತ ಚಮಚ ಎಲ್ಲ ಸೇರಿ ಒಂದೇ ಕಲ್ಲು. ಅಂಥ ಕಲ್ಲಾದ ಹನ್ನೊಂದು ಚಮಚಗಳು ಶೆಡ್ಡಿನ ಕಿಟಕಿಯಲ್ಲಿ ಸಾಲಾಗಿ ನಿಂತಿವೆ, ಹನ್ನೊಂದೂ ಹೆಂಡತಿಯ ತವರಿನಿಂದ ಬಂದವು.

ದಿನಕ್ಕೆ ಆರು ಜೊತೆ ಕೈಗವಸು, ನಾಲ್ಕು ಹಾಳೆ ಉಪ್ಪುಕಾಗದ, ಎರಡು ಸ್ನಾನ. ಸ್ನಾನಕ್ಕೆ ಮೊದಲು ತಣ್ಣೀರೇ ಆಗಬೇಕು. ಬಿಸಿನೀರು ಬಿದ್ದರೆ ಗಾಜಿನ ನಾರಿನ ಪುಡಿ ಚರ್ಮದೊಳಗೆ ಹೊಕ್ಕು ಮೂರು ದಿನ ಕುಣಿಸುತ್ತದಂತೆ. ಅವರ ಬಟ್ಟೆಗೆ ಬೇರೆ ಬಕೆಟ್ಟು, ಬೇರೆ ಹಗ್ಗ. ಅಂಟು ಕುಡಿದು ಒಣಗಿದ ಬನಿಯನ್ ಮೂಲೆಯಲ್ಲಿ ತಾನೇ ನಿಂತುಕೊಳ್ಳುತ್ತದೆ. ಒಮ್ಮೆ ಮಸುಕಿನಲ್ಲಿ ಅತ್ತೆ ಅದನ್ನೇ ಅಳಿಯ ಎಂದುಕೊಂಡು ಹತ್ತು ನಿಮಿಷ ಬುದ್ಧಿ ಹೇಳಿದ್ದರು.

ಮೊದಲು ಅಂಟಣ್ಣ ದರ್ಜಿ. ಸಿದ್ಧ ಉಡುಪಿನ ಅಂಗಡಿಗಳು ಬಂದು ಹೊಲಿಗೆ ನಿಂತಾಗ, ಗೆಳೆಯನೊಬ್ಬ ಒಡೆದ ಮಡ್‌ಗಾರ್ಡು ತಂದು "ಇದಕ್ಕೊಂದು ತೇಪೆ ಹಾಕು" ಎಂದನಂತೆ. ಆ ತೇಪೆಯೇ ಕಸುಬಾಯಿತು. "ಕಾರ್ಬನ್ ಅಂದ್ರೆ ಬಟ್ಟೆನೇ ರೀ. ಕಪ್ಪು ಚೌಕಳಿ ಬಟ್ಟೆ. ನೇರ ಕತ್ತರಿಸಿದ್ರೆ ತಿರುವಿನಲ್ಲಿ ನೆರಿಗೆ ಬೀಳುತ್ತೆ. ಓರೆ ಕತ್ತರಿಸಿ, ಹೇಳಿದ ಹಾಗೆ ಕೇಳುತ್ತೆ. ಕುಪ್ಪಸದ ತೋಳಿಗೂ ಮಡ್‌ಗಾರ್ಡಿಗೂ ಏನೂ ವ್ಯತ್ಯಾಸ ಇಲ್ಲ. ಅಳತೆ ಸರಿಯಿಲ್ಲ ಅಂತ ಮಡ್‌ಗಾರ್ಡು ಜಗಳಕ್ಕೆ ಬರಲ್ಲ, ಅಷ್ಟೇ."

ಪದರಗಳ ನಡುವಿನ ಗಾಳಿ ಹೀರಲು ಹಳೆಯ ಫ್ರಿಜ್ಜಿನ ಕಂಪ್ರೆಸರ್ ಇದೆ. ಗುಣಮಟ್ಟ ನೋಡುವವರು ಹೆಂಡತಿ. ಒಣಗಿದ ಭಾಗವನ್ನು ಮಡಿಲಲ್ಲಿಟ್ಟುಕೊಂಡು, ಕಲ್ಲಂಗಡಿ ಆರಿಸುವವರಂತೆ ಚಮಚದಿಂದ ತಟ್ಟುತ್ತ ಹೋಗುತ್ತಾರೆ. ಎಲ್ಲಾದರೂ 'ಟಣ್' ಬದಲು 'ಟೊಪ್' ಅಂದರೆ ಒಳಗೆ ಗುಳ್ಳೆ ಇದೆ ಎಂದೇ ಅರ್ಥ. ಅವರು 'ಟೊಪ್' ಎಂದ ಭಾಗ ಈ ಮನೆಯಿಂದ ಹೊರಗೆ ಹೋಗುವುದಿಲ್ಲ.

ಇಷ್ಟೆಲ್ಲ ನಿಯಮವಿರುವ ಶೆಡ್ಡಿನಲ್ಲೇ ಹೋದ ತಿಂಗಳು ಅನಾಹುತವಾಯಿತು.

ಊರಿನ ಹಳೆಯ ಹೆಡ್‌ಮೇಷ್ಟ್ರು ತಮ್ಮ ಕೆಂಪು ಬೈಕಿನ ಡೂಮು ತಂದುಕೊಟ್ಟರು. ಅಂಟಣ್ಣ ಅವರ ಶಿಷ್ಯ. ಅರ್ಧ ಊರಿನ ಮೆಕ್ಯಾನಿಕ್ಕುಗಳೂ ಅವರ ಶಿಷ್ಯರೇ. ಆ ಮಾದರಿಯ ಡೂಮು ಈಗ ಎಲ್ಲೂ ಸಿಗುವುದಿಲ್ಲ. ಇದರ ಪಡಿಯಚ್ಚಿನಂತೆ ಒಂದನ್ನು ಮಾಡಿದರೆ ಅದನ್ನು ಬೈಕಿಗೆ ಹಾಕಿ, ಮೂಲವನ್ನು ಬೀರುವಿನಲ್ಲಿ ಜೋಪಾನ ಮಾಡುವುದು ಮೇಷ್ಟ್ರ ಆಸೆ. "ನಲವತ್ತು ವರ್ಷ ಓಡಿಸಿದೀನಿ. ಒಂದು ಸಲವೂ ಬಿದ್ದಿಲ್ಲ. ಇದರ ಮೇಲೆ ಒಂದು ಗೀರು ಇಲ್ಲ. ಹಾಗೇ ವಾಪಸ್ ಬರಬೇಕು, ಗೊತ್ತಾಯ್ತೇನೋ?" ಎಂದರು. ಐವತ್ತಮೂರರ ಅಂಟಣ್ಣ ಕೈಕಟ್ಟಿ ನಿಂತು "ಆಯ್ತು ಸಾರ್" ಎಂದರು.

ಮೂಲದಿಂದ ಅಚ್ಚು ತೆಗೆಯುವಾಗ ಮೊದಲು ಅದಕ್ಕೆ ಏಳು ಸಲ ಮೇಣ ತಿಕ್ಕಬೇಕು. ಮೇಣವಿಲ್ಲದಿದ್ದರೆ ಮೂಲವೂ ಅಚ್ಚೂ ಜನ್ಮಕ್ಕೆ ಬಿಡಿಸಲಾರದಂತೆ ಬೆಸೆದುಕೊಳ್ಳುತ್ತವೆ. ಲೆಕ್ಕ ತಪ್ಪಬಾರದೆಂದು ಅಂಟಣ್ಣ ಒಂದೊಂದು ಸಲಕ್ಕೂ ಗೋಡೆಯ ಮೇಲೆ ಸೀಮೆಸುಣ್ಣದ ಒಂದು ಗೆರೆ ಎಳೆಯುತ್ತಾರೆ. ಕೆಲಸ ಮುಗಿದ ಮೇಲೆ ಒರೆಸುತ್ತಾರೆ.

ಅಂದು ಮೇಣದ ಡಬ್ಬಿ ತೆರೆಯುವ ಹೊತ್ತಿಗೆ ಫೋನು ಬಂತು, ಮೇಷ್ಟ್ರದು. ಅಂಟಣ್ಣ ಎದ್ದುನಿಂತರು. ಫೋನಿನಲ್ಲೂ ಅವರು ಮೇಷ್ಟ್ರ ಮುಂದೆ ಕೂರುವುದಿಲ್ಲ. "ನೆಲದ ಮೇಲೆ ಇಟ್ಟಿಲ್ಲ ತಾನೇ?" "ಇಲ್ಲ ಸಾರ್." ಕಾಲು ಗಂಟೆಗೆ ಮತ್ತೆ ಫೋನು. "ಕೆಳಗೆ ಬಟ್ಟೆ ಹಾಸಿದೀಯಾ?" "ಹಾಸಿದೀನಿ ಸಾರ್." ಮೂರನೆಯ ಸಲ: "ಎಚ್ಚರವಾಗಿದ್ದೀಯಾ?" "ಪೂರ್ತಿ ಎಚ್ಚರವಾಗಿದ್ದೀನಿ ಸಾರ್!" ಫೋನಿಟ್ಟು ಬೆವರು ಒರೆಸಿಕೊಂಡು ಗೋಡೆ ನೋಡಿದರೆ ಏಳು ಗೆರೆ. ಮೇಣ ಆಗಿದೆ ಎಂದುಕೊಂಡು ಅಂಟು ಬೆರೆಸಿ, ಅಚ್ಚಿಗೆಂದು ನಾರಿನ ಪದರಗಳನ್ನು ಡೂಮಿನ ಮೇಲೆ ಹಾಸಿದರು. ಆ ಏಳು ಗೆರೆ ಹಿಂದಿನ ದಿನದ ಮಡ್‌ಗಾರ್ಡಿನವು, ಒರೆಸಲು ಮರೆತವು.

ಮರುದಿನ ಬೆಳಗ್ಗೆ ಅಚ್ಚು ಬಿಡಲಿಲ್ಲ. ಮರದ ಬೆಣೆ ಹೊಡೆದರು, ಸೈಕಲ್ ಪಂಪಿನಿಂದ ಗಾಳಿ ಊದಿದರು. ಆಮೇಲೆ ಕಿಟಕಿಯಲ್ಲಿ ಮುಚ್ಚಳವೂ ತೆಗೆಯದೆ ಕೂತಿದ್ದ ಮೇಣದ ಡಬ್ಬಿ ಕಣ್ಣಿಗೆ ಬಿತ್ತು. ಹೆಂಡತಿ ಫ್ರಿಜ್ಜಿನ ತರಕಾರಿಯನ್ನೆಲ್ಲ ಹೊರಗಿಟ್ಟು ಡೂಮನ್ನು ಒಳಗಿಟ್ಟರು. ನಾಲ್ಕು ಗಂಟೆ ಚಳಿ, ಆಮೇಲೆ ಕುದಿನೀರು. 'ಟಕ್' ಎಂದು ಬಿಟ್ಟಿತು. ಅಚ್ಚು ಇಡಿಯಾಗಿ ಉಳಿಯಿತು, ಮೂಲ ಮೂರು ತುಂಡಾಗಿ ಬಂತು.

ತುಂಡುಗಳನ್ನು ಕೈಗೆತ್ತಿಕೊಂಡ ಅಂಟಣ್ಣನ ದರ್ಜಿಗಣ್ಣು ಅಲ್ಲೇ ನಿಂತಿತು. ಕೆಂಪು ಬಣ್ಣದ ಅಡಿಯಲ್ಲಿ ಹೆಬ್ಬೆರಳು ದಪ್ಪಕ್ಕೆ, ಬಿರುಕು ತುಂಬುವ ಬೂದುಬಣ್ಣದ ಪುಟ್ಟಿ. ಒಂದು ಸಲವೂ ಬೀಳದ ಡೂಮು ಎಂದೋ ಎರಡು ಹೋಳಾಗಿ, ಮೆತ್ತಿಸಿಕೊಂಡು, ಬಣ್ಣ ಹೊಡೆಸಿಕೊಂಡು ಬಂದದ್ದು.

ಆದರೆ ಇದರಿಂದ ಅಂಟಣ್ಣನ ಕಷ್ಟ ಕಡಿಮೆಯಾಗಲಿಲ್ಲ. ಜನ ತಮ್ಮಲ್ಲಿ ಉಳಿದಿರುವ ಕೊನೆಯ ತುಂಡನ್ನು ನಂಬಿ ಕೊಡುತ್ತಾರೆ ಎಂಬುದರ ಮೇಲೇ ಈ ಕಸುಬು ನಿಂತಿರುವುದು. 'ಅವನ ಕೈಗೆ ಕೊಟ್ಟರೆ ಮೂಲ ವಾಪಸ್ ಬರಲ್ಲ' ಎಂದು ಮೇಷ್ಟ್ರು ಒಂದು ಮಾತು ಆಡಿದರೆ ಸಾಕು, ಶೆಡ್ಡಿಗೆ ಬೀಗ.

"ಎರಡು ಮಾಡಿ. ಒಂದಕ್ಕೆ ಹಳೇದು ಕಾಣೋ ಹಾಗೆ ಬಣ್ಣ ಹೊಡೀರಿ. ಯಾರಿಗೆ ಗೊತ್ತಾಗುತ್ತೆ?" ಎಂದರು ಹೆಂಡತಿ.

"ಮೇಷ್ಟ್ರು ಕನ್ನಡಕದ ಮೇಲಿಂದ ಒಂದು ಸಲ ನೋಡಿ 'ಹ್ಞೂಂ, ಹೇಳು' ಅಂದ್ರೆ ನಾನು ಹೇಳಿಬಿಡ್ತೀನಿ ಕಣೇ. ಒಂದನೇ ಕ್ಲಾಸಿನಿಂದ ಮಾಡಿದ್ದೆಲ್ಲ ಹೇಳಿಬಿಡ್ತೀನಿ. ಅದಕ್ಕಿಂತ ನಾನಾಗೇ ಹೋಗಿ ಇದೊಂದನ್ನ ಹೇಳೋದು ವಾಸಿ."

ಅಚ್ಚನ್ನು ಉಜ್ಜಿ ನುಣುಪು ಮಾಡಿದರು. ಗೋಡೆ ಒರೆಸಿ, ಏಳು ಸಲ ಮೇಣ ತಿಕ್ಕಿ, ಏಳು ಗೆರೆ ಎಳೆದರು. ಪ್ರತಿ ಗೆರೆಗೂ ಹೆಂಡತಿ ಸಾಕ್ಷಿ. ಒಳಗೆ ಗಾಜಿನ ನಾರಿನ ಎರಡು ಪದರ, ಹೊರಗೆ ಓರೆ ಕತ್ತರಿಸಿದ ಕಾರ್ಬನ್ ಒಂದು ಪದರ, ಅದರ ಮೇಲೆ ಕೆಂಪು ಬಣ್ಣ. ಹೆಂಡತಿ ಚಮಚ ಹಿಡಿದು ಅಂಚಿನಿಂದ ಅಂಚಿಗೆ ತಟ್ಟಿದರು. ಎಲ್ಲ ಕಡೆ ಟಣ್.

ಭಾನುವಾರ ಬೆಳಗ್ಗೆ ಅಂಟಣ್ಣ ಮೇಷ್ಟ್ರ ಮನೆ ಅಂಗಳದಲ್ಲಿ ನಿಂತರು. ಒಂದು ಕೈಯಲ್ಲಿ ಹೊಸ ಡೂಮು, ಇನ್ನೊಂದರಲ್ಲಿ ತುಂಡುಗಳ ಚೀಲ. "ಮೇಣ ಹಚ್ಚೋದು ಮರೆತೆ ಸಾರ್. ಒಡೆದುಹೋಯ್ತು. ತಪ್ಪು ನಂದೇ" ಎಂದು ಒಂದೇ ಉಸಿರಿಗೆ ಹೇಳಿ ಚೀಲ ಮುಂದಿಟ್ಟರು.

ಮೇಷ್ಟ್ರ ಮುಖ ಡೂಮಿಗಿಂತ ಕೆಂಪಾಯಿತು. ಬಾಯಿ ತೆರೆದರು. ಅಷ್ಟರಲ್ಲಿ ಅವರ ಹೆಂಡತಿ ಹೊರಗೆ ಬಂದು ತುಂಡೊಂದನ್ನು ಎತ್ತಿ ನೋಡಿದರು. "ಇದೇನ್ರೀ, ಒಳಗೆಲ್ಲ ಪುಟ್ಟಿ? ಒಂದು ಸಲವೂ ಬಿದ್ದಿಲ್ಲ ಅಂತಿದ್ರಲ್ಲ?"

ಮೇಷ್ಟ್ರು ಶಿಷ್ಯನ ಮುಖ ನೋಡಿದರು. ನಲವತ್ತು ವರ್ಷದಲ್ಲಿ ಮೊದಲ ಸಲ ಆ ಕಣ್ಣಿನಲ್ಲಿ ಹೆದರಿಕೆ ಕಂಡಿತು, ಅಂಟಣ್ಣನಿಗೆ ಅಯ್ಯೋ ಅನ್ನಿಸಿತು.

"ಆ ಕಾಲದಲ್ಲಿ ಕಂಪನಿಯವರೇ ಪುಟ್ಟಿ ಹಾಕಿ ಕೊಡ್ತಿದ್ರು ಅಮ್ಮಾ. ಗಟ್ಟಿಯಾಗಿರಲಿ ಅಂತ."

"ಹೌದು, ಕಂಪನಿಯವರೇ" ಎಂದರು ಮೇಷ್ಟ್ರು. ಗಂಟಲು ಸರಿಮಾಡಿಕೊಂಡು, "ನಿಜ ಒಪ್ಪಿಕೊಂಡೆಯಲ್ಲ, ಅದಕ್ಕೆ ಈ ಸಲ ಬಿಟ್ಟಿದೀನಿ. ಸತ್ಯ ಹೇಳೋ ಗುಣ ದೊಡ್ಡದು" ಎಂದೂ ಸೇರಿಸಿದರು.

ಹೊಸ ಡೂಮು ನಾಲ್ಕು ಬೋಲ್ಟಿಗೂ ತಕರಾರಿಲ್ಲದೆ ಕೂತಿತು. ಹೆಂಡತಿ ಒಳಗೆ ಹೋದ ಮೇಲೆ ಮೇಷ್ಟ್ರು ಬೈಕು ಹತ್ತಿ ಗೇಟಿನ ಕಡೆ ಗತ್ತಿನಿಂದ ತಿರುಗಿಸಿದರು. ಜಲ್ಲಿಯ ಮೇಲೆ ಮುಂದಿನ ಚಕ್ರ ಜಾರಿತು. ಬೈಕು ಮೂತಿ ಮುಂದಾಗಿ ಗೇಟಿನ ಕಂಬಕ್ಕೆ ಗುದ್ದಿ ಮಗ್ಗುಲಾಯಿತು. ಮೇಷ್ಟ್ರು ಪಕ್ಕದಲ್ಲಿ ಕೂತ ಭಂಗಿಯಲ್ಲೇ ಇದ್ದರು, ನೆಲದ ಮೇಲೆ ಎಂಬುದೊಂದೇ ವ್ಯತ್ಯಾಸ.

ಅಂಟಣ್ಣ ಓಡಿಹೋಗಿ ಎಬ್ಬಿಸಿದರು. ಪೆಟ್ಟಾಗಿರಲಿಲ್ಲ. ಮೇಷ್ಟ್ರು ಪ್ಯಾಂಟು ಕೊಡವುತ್ತ ಮೊದಲು ಬಾಗಿಲ ಕಡೆ ನೋಡಿದರು, ಆಮೇಲೆ ಶಿಷ್ಯನ ಕಡೆ.

"ನೀನೇನಾದರೂ ನೋಡಿದೆಯೇನೋ?"

ಅಂಟಣ್ಣ ಆಗಲೇ ಮಂಡಿಯೂರಿ ಡೂಮಿನ ಮೇಲೆ ಅಂಗೈ ಆಡಿಸುತ್ತಿದ್ದರು. ಕಂಬದ ಸುಣ್ಣ ಅಂಟಿತ್ತು, ಅಂಗಿಯ ತುದಿಯಿಂದ ಒರೆಸಿದರು. ಬೆರಳಿನ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ ಕಿವಿಗೊಟ್ಟರು.

"ನೋಡ್ದೆ ಸಾರ್" ಎಂದರು. "ಒಂದು ಕೂದಲೆಳೆಯಷ್ಟೂ ಬಿರುಕು ಬಿಟ್ಟಿಲ್ಲ."