ಕಂಬಿಯ ಆಚೆ ಈಚೆ: ಒಂದು ಓಣಿ, ಇಬ್ಬರು ಯಜಮಾನ್ತಿಯರು

ಕೀಲುಂಗ್ ಬಂದರಿನ ಮೀನು ಹರಾಜು ಮುಗಿದು ಲಾರಿಗಳ ಸದ್ದು ಅಡಗುವ ಹೊತ್ತಿಗೆ ಜಿಯಾನ್ ಯೂಶಿಯಾ ನಮ್ಮ ಗುಡ್ಡದ ಓಣಿಯ ಮೆಟ್ಟಿಲು ಹತ್ತುತ್ತಾರೆ. ಇನ್ನೂ ಸರಿಯಾಗಿ ಬೆಳಕಾಗಿರುವುದಿಲ್ಲ. ಹೆಗಲಿಗೆ ಬಟ್ಟೆಚೀಲ, ಎಡ ಮೊಣಕಾಲಿಗೆ ಪಟ್ಟಿ, ಚೀಲದ ತುಂಬ ವಾರ್ಡು ಕಚೇರಿಯ ಸೂಚನಾ ಚೀಟಿಗಳು. ನಾಳೆ ನೀರು ಬರುವುದಿಲ್ಲ, ಬುಧವಾರ ಸೊಳ್ಳೆ ಔಷಧಿ ಹೊಡೆಯುತ್ತಾರೆ, ಹಿರಿಯರು ಜ್ವರದ ಲಸಿಕೆಗೆ ಬನ್ನಿ. ಒಂದೊಂದೇ ಬಾಗಿಲಲ್ಲಿ ನಿಂತು "ಎದ್ರಾ? ಉಸಿರಾಡ್ತಿದ್ದೀರಾ?" ಎಂದು ಕೂಗುತ್ತಾರೆ. ಒಳಗಿನಿಂದ ಬೈಗುಳ ಕೇಳಿದರೆ ಸಮಾಧಾನದಿಂದ ಮುಂದಿನ ಮನೆಗೆ ಹೋಗುತ್ತಾರೆ.

ಆದರೆ ಅವರ ಕಣ್ಣು ಇರುವುದು ಮೆಟ್ಟಿಲ ನಡುವಿನ ಕಬ್ಬಿಣದ ಕಂಬಿಯ ಆಚೆಗೆ. ಅಲ್ಲಿ ಗುಲಾಬಿ ಬಣ್ಣದ ಮಳೆಕೋಟು ತೊಟ್ಟ ಇನ್ನೊಬ್ಬ ಹೆಂಗಸು ಅದೇ ಮೆಟ್ಟಿಲು ಹತ್ತುತ್ತಿದ್ದಾರೆ. ಅವರು ಶೆನ್ ಬಿಯುನ್, ಪಕ್ಕದ ವಾರ್ಡಿನವರು. ಇವರ ಮುಖ ಅವರು ನೋಡುವುದಿಲ್ಲ, ಅವರ ಮುಖ ಇವರು ನೋಡುವುದಿಲ್ಲ.

"ಬಂದ್ಲು ನೋಡು," ಯೂಶಿಯಾ ಹಿಂದೆಯೇ ಹತ್ತುತ್ತಿರುವ ನನ್ನ ಕಿವಿಯಲ್ಲಿ ಹೇಳುತ್ತಾರೆ. "ಆ ಕೋಟು ಅವರ ವಾರ್ಡಿನೋರು ಕೊಟ್ಟಿದ್ದು. ನಮ್ಮೋರು ನಂಗೆ ಕೊಟ್ಟಿದ್ದು ಒಂದು ಟೋಪಿ. ಒಂದ್ಸಲ ಒಗೆದೆ, ಗೊಂಬೆಗೆ ಹಾಕೋ ಹಾಗಾಯ್ತು."

ಯೂಶಿಯಾ ನಮ್ಮ ಓಣಿ ಯಜಮಾನ್ತಿ. ಪ್ರತಿ ವಾರ್ಡಿಗೂ ಜನ ಆರಿಸಿದ ಒಬ್ಬ ಮುಖ್ಯಸ್ಥ ಇರುತ್ತಾನೆ. ಅವನು ಓಣಿಗೊಬ್ಬರನ್ನು ಹೀಗೆ ನೇಮಿಸುತ್ತಾನೆ. ಸಂಬಳವಿಲ್ಲ, ಸಿಗುವುದು ಫೋನಿನ ಖರ್ಚಿಗಾಗುವಷ್ಟು ಭತ್ಯೆ ಮತ್ತು ಒಂದು ದಿನಪತ್ರಿಕೆ. ಹೂಕುಂಡದ ಜಗಳ ಬಿಡಿಸಬೇಕು, ಬಿರುಗಾಳಿ ಬಂದರೆ ಒಂಟಿ ಮುದುಕರಿಗೆ ಮೇಣದ ಬತ್ತಿ ಮುಟ್ಟಿಸಬೇಕು, ಯಾರಾದರೂ ತೀರಿಕೊಂಡರೆ ಮೊದಲು ಓಡಬೇಕು. ಮೀನುಂಡೆ ಅಂಗಡಿಯಲ್ಲಿ ಮೀನು ಅರೆಯುತ್ತ ಕೈ ಸವೆಸಿಕೊಂಡ ಯೂಶಿಯಾ, ಬಂದರಿನ ಕ್ರೇನ್ ಓಡಿಸುತ್ತಿದ್ದ ಗಂಡ ತೀರಿಹೋದ ವರ್ಷವೇ ಈ ಕೆಲಸ ಹಿಡಿದರು. ಬೇರೆ ಯಾರೂ ಬೇಡವೆಂದಿದ್ದರಂತೆ. "ಮನೇಲಿ ಒಬ್ಳೇ ಕೂತು ಗೋಡೆ ಜೊತೆ ಮಾತಾಡೋ ಬದ್ಲು ಜನರ ಜೊತೆ ಜಗಳ ಆಡೋಣ ಅನ್ಕೊಂಡೆ," ಎನ್ನುತ್ತಾರೆ.

ನಾನು ಚಿಕ್ಕವಳಿದ್ದಾಗ ಎರಡು ವಾರ್ಡುಗಳ ನಡುವಿನ ಗಡಿ ಗುಡ್ಡದ ಬುಡದ ತೊರೆಯಾಗಿತ್ತು. ತೊರೆಯ ಮೇಲೆ ಕಾಂಕ್ರೀಟು ಹಾಕಿ ರಸ್ತೆ ಮಾಡಿದರು, ಗಡಿ ರಸ್ತೆಗೆ ಬಂತು. ಆಮೇಲೆ ರಸ್ತೆಯಾಚೆಯ ಹಳೆ ಮನೆಗಳು ಖಾಲಿಯಾಗುತ್ತ ಹೋಗಿ, ಒಂದು ವಾರ್ಡಿಗೆ ಇರಬೇಕಾದಷ್ಟು ಸಂಸಾರಗಳು ಅಲ್ಲಿ ಉಳಿಯಲಿಲ್ಲ. ಕಳೆದ ಬಾರಿ ಗಡಿ ತಿದ್ದಿದವರು ನಮ್ಮ ಓಣಿಯ ಬಲಗಡೆಯನ್ನು ಕಿತ್ತು ಅವರಿಗೆ ಕೊಟ್ಟರು. ಗೆರೆ ಎಲ್ಲಿ ಎಳೆಯುವುದು? ಮೆಟ್ಟಿಲ ನಡುವೆ ಮುದುಕರು ಹಿಡಿದು ಹತ್ತುವ ಕಂಬಿ ಇತ್ತಲ್ಲ, ಅದೇ ಗಡಿಯಾಯಿತು. ಆಚೆ ವಾರ್ಡಿನವರು ಕಂಬಿಯ ತಮ್ಮ ಮಗ್ಗುಲಿಗೆ ಮಾತ್ರ ಹಸಿರು ಬಣ್ಣ ಬಳಿದರು. ನಮ್ಮ ಮಗ್ಗುಲು ಇಂದಿಗೂ ತುಕ್ಕು.

ಅಲ್ಲಿಂದ ಓಣಿಗೆ ಹೊಟ್ಟೆಕಿಚ್ಚು ಹತ್ತಿಕೊಂಡಿತು. ಚಾಂದ್ರಮಾನದ ಒಂಬತ್ತನೇ ತಿಂಗಳ ಒಂಬತ್ತರಂದು ಹಿರಿಯರ ಹಬ್ಬ. ಆಚೆಯ ವಾರ್ಡಿನ ಮುಖ್ಯಸ್ಥರದು ಶಾವಿಗೆ ಅಂಗಡಿ. ಅವರು ತಮ್ಮ ಹಿರಿಯರಿಗೆ ಹಂದಿಕಾಲು ಹಾಕಿ ಬೇಯಿಸಿದ ಶಾವಿಗೆಯನ್ನು ಬಿಸಿಬಿಸಿಯಾಗಿ ಮನೆಗೇ ಕಳಿಸುತ್ತಾರೆ. ನಮ್ಮ ವಾರ್ಡಿನಿಂದ ಬರುವುದು ಮುಖ ಒರೆಸುವ ಟವೆಲ್ಲು. ಎದುರು ಬಾಗಿಲಿನಿಂದ ಮಾಂಸದ ಘಮ ತೇಲಿ ಬರುವಾಗ ನನ್ನ ಅಮ್ಮ ಟವೆಲ್ಲು ತೊಡೆಯ ಮೇಲಿಟ್ಟುಕೊಂಡು ಮೂತಿ ಊದಿಸಿ ಕೂತಿದ್ದಳು. ನನಗೂ ಹೊಟ್ಟೆ ಉರಿಯಿತು. ಶಾವಿಗೆ ಅಂಗಡಿಯಲ್ಲೇ ಸಿಗುತ್ತದೆ, ನಾನೇ ತಂದುಕೊಡಬಹುದಿತ್ತು. ಆದರೆ ಅದು ಎದುರುಮನೆಗೆ ಬಂದ ಶಾವಿಗೆಯಾಗುತ್ತಿರಲಿಲ್ಲ.

ಯೂಶಿಯಾ ಅವರ ಉರಿ ಶಾವಿಗೆಯದ್ದಲ್ಲ. ಓಣಿಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, "ಯಜಮಾನ್ತೀ" ಅನ್ನುತ್ತಾರೆ. ಈಗ ಯಾರಾದರೂ ಹಾಗೆ ಕೂಗಿದರೆ ಮೆಟ್ಟಿಲ ಮೇಲೆ ಎರಡು ತಲೆ ಒಟ್ಟಿಗೆ ತಿರುಗುತ್ತವೆ. ಮೊನ್ನೆಮೊನ್ನೆಯವರೆಗೂ ತನ್ನದಾಗಿದ್ದ ಬಾಗಿಲುಗಳ ಮುಂದೆ ಇನ್ನೊಬ್ಬಳು ನಿಂತು ನಗುವುದನ್ನು ದಿನಾ ಬೆಳಗ್ಗೆ ನೋಡಬೇಕು.

"ದೂರ ಹೋಗಿದ್ರೆ ಮರೀಬಹುದಿತ್ತು," ಎನ್ನುತ್ತಾರೆ. "ಎದುರಿಗೇ ಇದ್ದಾರಲ್ಲ! ಆ ಕಡೆ ಮನೇಲಿ ಹುಟ್ಟಿದ ಕೂಸಿನ ಹೆಸರನ್ನ ನಾನು ಅವಳ ಬಾಯಿಂದ ಕೇಳ್ಬೇಕಾಯ್ತು. ಹೊಟ್ಟೆಕಿಚ್ಚು ಕಣೇ. ಸುಳ್ಳು ಯಾಕೆ ಹೇಳ್ಲಿ?"

ಬಲಗಡೆಯ ಮಧ್ಯದ ಮನೆಯಲ್ಲಿ ವೆಂಗ್ ತಾತ ಒಬ್ಬರೇ ಇದ್ದಾರೆ. ತೊಂಬತ್ತರ ಹತ್ತಿರ. ಅವರ ಮದ್ದಿನ ಡಬ್ಬಿ ತುಂಬುತ್ತಿದ್ದವರು, ಹಲ್ಲಿನ ಸೆಟ್ಟು ಹುಡುಕಿಕೊಡುತ್ತಿದ್ದವರು ಯೂಶಿಯಾ. ಈ ಬೇಸಿಗೆಯಲ್ಲಿ ಒಂದು ಬೆಳಗ್ಗೆ ತಾತ ಬಾಗಿಲಲ್ಲಿ ನಿಂತು "ಯಜಮಾನ್ತೀ!" ಎಂದು ಕೂಗಿದರು. ಯೂಶಿಯಾ ಕಂಬಿಯ ಕೆಳಗೆ ನುಸುಳಿ ಹೋದರು. ತಾತ ಕೈ ಅಡ್ಡ ಮಾಡಿ, "ನೀನಲ್ಲಮ್ಮ, ಆ ಯಜಮಾನ್ತಿ," ಎಂದರು. ಬಿಯುನ್ ಮೇಲಿನ ಮೆಟ್ಟಿಲಿನಿಂದ ಇಳಿದು ಬಂದರು. ಅವರು ನಕ್ಕರೋ ಇಲ್ಲವೋ ನನಗೆ ತಿಳಿಯದು. ನಕ್ಕರು ಎಂದು ಯೂಶಿಯಾ ಆಣೆ ಹಾಕುತ್ತಾರೆ.

ಅದಾದ ಕೆಲವು ವಾರಕ್ಕೆ ಬಿರುಗಾಳಿ ಬಂತು. ಮಧ್ಯಾಹ್ನವೇ ಕರೆಂಟು ಹೋಗಿ ಓಣಿ ಕತ್ತಲಾಯಿತು. ಯೂಶಿಯಾ ಮೇಣದ ಬತ್ತಿ ಹಂಚುತ್ತ ಕಂಬಿಯ ಹತ್ತಿರ ಬಂದಾಗ ಎದುರಿನಿಂದ ತಾತನ ದನಿ: "ಯಜಮಾನ್ತೀ! ಯಜಮಾನ್ತೀ!"

"ಕೇಳಿಸ್ತು. ಚೆನ್ನಾಗೇ ಕೇಳಿಸ್ತು," ಯೂಶಿಯಾ ಮೊಣಕಾಲು ಒತ್ತಿಕೊಳ್ಳುತ್ತ ಹೇಳುತ್ತಾರೆ. "ನನ್ನನ್ನಲ್ಲ ಕರೀತಿರೋದು, ಅವಳನ್ನ, ಅವಳೇ ಬರ್ಲಿ ಅಂತ ನಿಂತ್ಕೊಂಡೆ. ಚೀಲದಲ್ಲಿ ಬತ್ತಿ ಇತ್ತು. ಅವಳು ಕೆಳಗಡೆ ಯಾರ ಮನೇಲೋ ಸಿಕ್ಕಾಕ್ಕೊಂಡಿದ್ಲಂತೆ. ಮುದುಕ ತಾನೇ ಹೊರಗೆ ಬಂದು ಜಾರಿಬಿಟ್ಟ."

ಕಾಲು ಉಳುಕಿತು, ಅಷ್ಟೇ. ಯೂಶಿಯಾ ಕಂಬಿ ದಾಟಿ ತಾತನನ್ನು ಎತ್ತಿ ಕೂರಿಸಿದರು, ಚೀಲದ ಬತ್ತಿ ತೆಗೆದು ಹಚ್ಚಿಟ್ಟರು.

ಈಗ ಮತ್ತೆ ಗಡಿ ತಿದ್ದುವ ಕಾಲ. ಓಣಿಯ ಎಡಗಡೆಯನ್ನೂ ಆಚೆಯ ವಾರ್ಡಿಗೇ ಸೇರಿಸಬಹುದು, ಜನ ಬೇಡವೆಂದರೆ ಈಗಿರುವಂತೆಯೇ ಬಿಡಬಹುದು ಎಂದು ನಗರದ ಕಚೇರಿ ಕೇಳಿದೆ. ಸೇರಿದರೆ ಓಣಿ ಮತ್ತೆ ಒಂದಾಗುತ್ತದೆ, ಆದರೆ ಒಂದು ಓಣಿಗೆ ಒಬ್ಬಳೇ ಯಜಮಾನ್ತಿ. ಆಚೆಯ ಮುಖ್ಯಸ್ಥರು ತಮ್ಮ ಬಿಯುನ್‌ರನ್ನು ಬಿಟ್ಟು ಯೂಶಿಯಾರನ್ನು ಇಟ್ಟುಕೊಳ್ಳುತ್ತಾರೆಯೇ? ನಮ್ಮ ವಾರ್ಡಿನ ಮುಖ್ಯಸ್ಥರು ಇದನ್ನೇ ಹಿಡಿದು ಯೂಶಿಯಾರ ಮನೆಗೆ ಬಂದರು. "ಸಭೇಲಿ ನೀವು ಬೇಡ ಅಂದ್ಬಿಡಿ ಅಕ್ಕಾ. ನಿಮ್ಮ ಮಾತು ಕೇಳಿದ್ರೆ ಯಾರೂ ಕೈ ಎತ್ತಲ್ಲ. ನಿಮ್ಮ ಸ್ಥಾನ ನಿಮಗೇ ಇರತ್ತೆ."

ಕಳೆದ ಭಾನುವಾರ ಸಭೆ. ಕಡಲೆಕಾಯಿ ಮಿಠಾಯಿ, ಚಹಾ, ಪ್ಲಾಸ್ಟಿಕ್ ಕುರ್ಚಿಗಳು. ಎಡಗಡೆಯವರೆಲ್ಲ ಯೂಶಿಯಾರ ಮುಖವನ್ನೇ ನೋಡುತ್ತಿದ್ದೆವು. ಹಿಂದಿನ ಸಾಲಿನಲ್ಲಿ ಗುಲಾಬಿ ಕೋಟು ಕೂತಿತ್ತು. ಯೂಶಿಯಾ ಮೈಕು ಬೇಡವೆಂದು ತಳ್ಳಿ ಎದ್ದು ನಿಂತರು.

"ನಂಗೆ ಇವಳನ್ನ ಕಂಡ್ರೆ ಆಗಲ್ಲ," ಎಂದರು, ಬಿಯುನ್ ಕಡೆ ಬೆರಳು ಮಾಡಿ. ಸಭೆಯೆಲ್ಲ ನಕ್ಕಿತು. "ನಗಬೇಡಿ. ಆಗಲ್ಲ ಅಂದ್ರೆ ಆಗಲ್ಲ. ಆದ್ರೆ ಮುದುಕ ಒಬ್ಬ ಕೂಗಿದಾಗ ಯಾರನ್ನ ಕೂಗಿದ ಅಂತ ಯೋಚ್ನೆ ಮಾಡೋ ಓಣಿ ನಂಗೆ ಬೇಡ. ಸೇರಿಸ್ಬಿಡಿ. ಇವಳೇ ಮಾಡ್ಲಿ."

ಅವರು ಕೈ ಎತ್ತಿದರು. ನಾವೂ ಎತ್ತಿದೆವು. ನಮ್ಮ ಮುಖ್ಯಸ್ಥರ ಚಹಾ ಕುಡಿಯದೆ ಹಾಗೇ ಉಳಿಯಿತು.

ಹೊಸ ವರ್ಷದಿಂದ ಓಣಿ ಒಂದೇ ವಾರ್ಡು. ಅಲ್ಲಿಯವರೆಗೆ ಯೂಶಿಯಾ ಎಡಗಡೆಯ ಮೆಟ್ಟಿಲು ಹತ್ತುತ್ತಲೇ ಇರುತ್ತಾರೆ. ಇವತ್ತು ಬೆಳಗ್ಗೆ ಅವರ ಹಿಂದೆ ಏದುಸಿರು ಬಿಡುತ್ತ ಹತ್ತಿ, "ಈಗಲಾದ್ರೂ ಹೊಟ್ಟೆಕಿಚ್ಚು ಹೋಯ್ತಾ ಚಿಕ್ಕಮ್ಮ?" ಎಂದು ಕೇಳಿದೆ.

"ಎಲ್ಲಿಗೆ ಹೋಗತ್ತೆ? ಇಲ್ಲೇ ಇದೆ," ಎಂದು ಹೊಟ್ಟೆ ತಟ್ಟಿಕೊಂಡರು. ಆಮೇಲೆ ಓಣಿಯ ತುತ್ತತುದಿಯಲ್ಲಿರುವ ತಮ್ಮ ಮನೆಯ ಕಡೆ ನೋಡಿದರು. ಅವರ ಮುಖದಲ್ಲಿ ಬಹಳ ದಿನಕ್ಕೆ ನಗು ಕಂಡಿತು.

"ಹೊಸ ವರ್ಷ ಆದ್ಮೇಲೆ ನಂಗೂ ಚೀಟಿ ಅವಳೇ ತಂದ್ಕೊಡಬೇಕಲ್ವಾ? ಅಷ್ಟು ಮೆಟ್ಲು ಹತ್ಕೊಂಡು ಬರ್ಲಿ. ಬಾಗ್ಲು ತಟ್ಲಿ. ನಾನು ಒಳಗೇ ಇರ್ತೀನಿ. ಮೊದಲ್ನೇ ಸಲಕ್ಕೆ ಮಾತ್ರ ತೆಗೆಯಲ್ಲ."